ಗುರುದತ್ತನಿಗೆ ಬದಲಾಗಿ ಒಂದು ಒಲೆ

ಒಬ್ಬ ಮೈಸೂರಿನ ಗಂಡಸಿಗಾಗಿ ಟೆಕ್ಸಸ್‌ನ ಮೂರು ದೊಡ್ಡ ಊರುಗಳು ಹಗ್ಗಜಗ್ಗಾಟಕ್ಕೆ ನಿಂತಿದ್ದವು. ಆಸ್ಟಿನ್ ಒಂದು ಕೈ ಹಿಡಿದಿತ್ತು, ಹ್ಯೂಸ್ಟನ್ ಇನ್ನೊಂದು ಕೈ ಹಿಡಿದಿತ್ತು, ಡಾಲಸ್ ಕಾಲು ಹಿಡಿದಿತ್ತು. ಅವನು ಯಾರ ಪಾಲಾಗುತ್ತಾನೋ ಎಂದು ಹೆದ್ದಾರಿಯಲ್ಲಿ ಕಾರುಗಳು ಸಾಲುಗಟ್ಟಿ ನಿಂತುಬಿಟ್ಟಿದ್ದವು. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಂಡುಬಿಡೋಣ. ಕಾರುಗಳು ನಿಂತಿದ್ದು ನಿಜ, ಆದರೆ ಆ ಹೆದ್ದಾರಿಯಲ್ಲಿ ಅವು ದಿನವೂ ನಿಲ್ಲುತ್ತವೆ. ಮೂರು ಊರಿನವರು ಕೇಳಿದ್ದೂ ನಿಜ. ಉಳಿದದ್ದರಲ್ಲಿ ಎಷ್ಟು ಉಪ್ಪು, ಎಷ್ಟು ಖಾರ ಅನ್ನುವುದನ್ನು ಕೇಳುತ್ತಾ ಹೋದಂತೆ ನೀವೇ ನೋಡಿಕೊಳ್ಳಿ.

ಆ ಗಂಡಸಿನ ಹೆಸರು ಗುರುದತ್ತ. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಏನು ಕೆಲಸ ಎಂದು ಅವನ ಹೆಂಡತಿ ಗೀತಾಳಿಗೂ ಗೊತ್ತಿಲ್ಲ. ಮೀಟಿಂಗಿನಲ್ಲಿ ಅವನು ಬಾಯಿ ತೆರೆದನೆಂದರೆ ಅಷ್ಟರಲ್ಲಿ ಇನ್ಯಾರೋ ಮಾತಾಡಿ ಮುಗಿಸಿರುತ್ತಾರೆ. ಮನೆಗೆ ಬಂದರೆ ಟೀವಿಯ ರಿಮೋಟ್ ಮಗಳು ನಿಖಿತಾಳ ಕೈಯಲ್ಲಿ, ಕಾರಿನ ಕೀಲಿ ಗೀತಾಳ ಕೈಯಲ್ಲಿ, ಅಡುಗೆಮನೆ ಅತ್ತೆ ಸುಶೀಲಮ್ಮನ ಕೈಯಲ್ಲಿ. ಈ ಸುಶೀಲಮ್ಮ ಎಂಥ ಹೆಂಗಸೆಂದರೆ, ವಯಸ್ಸು ಎಂಬತ್ತರ ಹತ್ತಿರ, ನೋಡಿದರೆ ಐವತ್ತು ಅನ್ನಬೇಕು. ಓದಿದ್ದು ಕಡಿಮೆ, ಬುದ್ಧಿ ಮಾತ್ರ ಒಂದು ಪಂಚಾಯಿತಿಗೆ ಹಂಚುವಷ್ಟು. ಆಕೆಯ ಕೋಡುಬಳೆಯನ್ನು ಹ್ಯೂಸ್ಟನ್‌ನಲ್ಲಿ ಕಡಿದರೆ ಡಾಲಸ್‌ನಲ್ಲಿ ಸದ್ದು ಕೇಳಿಸುತ್ತದೆ. ಇದು ಪೂರ್ತಿ ನಿಜ.

ಇಂಥ ಗುರುದತ್ತನಿಗೂ ವಾರಕ್ಕೊಂದು ದಿನ ರಾಜಯೋಗವಿತ್ತು. ಶನಿವಾರ. ಅದನ್ನು ತಂದುಕೊಟ್ಟವನು ಬೇಲಿಯಾಚೆಯ ನೆರೆಯವ ಡ್ಯಾರೆನ್, ಆಸ್ಟ್ರೇಲಿಯಾದ ಮೆಲ್ಬರ್ನ್ ಕಡೆಯವನು. ಊರು ಬಿಟ್ಟು ಬಂದರೂ ಊರಿನ ಫುಟ್‌ಬಾಲ್ ಬಿಡಲಾರದೆ ಆಸ್ಟಿನ್‌ನಲ್ಲಿ ಒಂದು ತಂಡ ಕಟ್ಟಿಕೊಂಡಿದ್ದ. ಹ್ಯೂಸ್ಟನ್‌ನಲ್ಲೊಂದು, ಡಾಲಸ್‌ನಲ್ಲೊಂದು ಇಂಥದೇ ತಂಡ. ಆ ಆಟ ನೋಡದವರಿಗೆ ಹೇಳಬೇಕು: ಮೊಟ್ಟೆಯಾಕಾರದ ಚೆಂಡು, ಮೊಟ್ಟೆಯಾಕಾರದ ಮೈದಾನ, ತೋಳಿಲ್ಲದ ಅಂಗಿ, ಹೇಳಿಕೊಳ್ಳಲಾಗದಷ್ಟು ಗಿಡ್ಡ ಚಡ್ಡಿ. ಒಬ್ಬ ಇನ್ನೊಬ್ಬನ ಹೆಗಲ ಮೇಲೆ ಮಂಡಿಯೂರಿ ಆಕಾಶದಿಂದ ಚೆಂಡು ಕೀಳುತ್ತಾನೆ, ಬಸ್ಸಿನ ಮೇಲಿಂದ ಮೂಟೆ ಇಳಿಸುವವರ ಹಾಗೆ. ಗುರುದತ್ತನಿಗೆ ಓಡಲು ಬಾರದು, ಒದೆಯಲು ಬಾರದು, ಹಿಡಿಯಲಂತೂ ಬಾರದು. ಆದರೆ ಪ್ರತಿ ತಂಡವೂ ಗೋಲಿನ ಕಂಬಗಳ ಬಳಿ ನಿಲ್ಲಲು ತನ್ನದೊಬ್ಬ ಅಂಪೈರನ್ನು ತರಬೇಕು. ಅವನಿಗೆ ಬಿಳಿ ಕೋಟು, ಬಿಳಿ ಟೋಪಿ, ಕೈಯಲ್ಲಿ ಎರಡು ಬಿಳಿ ಬಾವುಟ. ಚೆಂಡು ನಡುವಿನ ಕಂಬಗಳ ಮಧ್ಯೆ ಹೋದರೆ ಎರಡು ಬಾವುಟ ಬೀಸಬೇಕು, ಅದು ಗೋಲು. ಸ್ವಲ್ಪ ಪಕ್ಕಕ್ಕೆ ಹೋದರೆ ಒಂದೇ ಬಾವುಟ, ಸಮಾಧಾನಕ್ಕೆ ಒಂದು ಅಂಕ. ಕೊಟ್ಟದ್ದು ರದ್ದು ಅನ್ನಬೇಕಾದರೆ ಎರಡನ್ನೂ ತಲೆಯ ಮೇಲೆ ಕತ್ತರಿಯ ಹಾಗೆ ಅಡ್ಡ ಹಿಡಿಯಬೇಕು.

ನಿಂತಲ್ಲೇ ನಿಂತು ಮಾಡುವ ಈ ಕೆಲಸ ಗುರುದತ್ತನಿಗಾಗಿಯೇ ಹುಟ್ಟಿದಂತಿತ್ತು. ಯೋಚಿಸಿ: ಮೂವತ್ತಾರು ಜನ ದಾಂಡಿಗರು ಬೆವರು ಸುರಿಸಿ, ಮೊಣಕೈ ಕೆತ್ತಿಸಿಕೊಂಡು ಚೆಂಡು ತಂದು ಒದ್ದರೂ ಗುರುದತ್ತನ ಬಾವುಟ ಏಳುವವರೆಗೆ ಗೋಲು ಗೋಲಲ್ಲ. ಎಲ್ಲರೂ ಉಸಿರು ಹಿಡಿದು ಅವನ ಮುಖ ನೋಡಬೇಕು. ವಾರವಿಡೀ ಯಾರೂ ನೋಡದ ಮುಖ ಅದು. ಅವನೂ ಸ್ವಲ್ಪ ಕಾಯಿಸಿಯೇ ಬೀಸುತ್ತಿದ್ದ. ಆ ಕೋಟನ್ನು ಗೀತಾಳ ರೇಷ್ಮೆ ಸೀರೆಗಳ ಪಕ್ಕದಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದ.

ಈಗ ವಿಷಯಕ್ಕೆ ಬರೋಣ. ಆಸ್ಟ್ರೇಲಿಯಾದಲ್ಲಿ ಆಟದ ಋತು ಮುಗಿದ ಮೇಲೆ ಅಕ್ಟೋಬರಿನಲ್ಲಿ ಇನ್ನೊಂದು ಆಟ ಶುರುವಾಗುತ್ತದಂತೆ. ಅದರ ಹೆಸರು ಟ್ರೇಡ್. ಕರಾರು ಮುಗಿದ ಆಟಗಾರರನ್ನು ತಂಡದವರು ಗಲ್ಲ ಹಿಡಿದು, ರಮಿಸಿ ಉಳಿಸಿಕೊಳ್ಳಬೇಕು. ಒಲ್ಲೆ ಅಂದವನನ್ನು ಇನ್ನೊಂದು ತಂಡಕ್ಕೆ ಕೊಟ್ಟು ಬದಲಿಗೆ ಅಲ್ಲಿಂದ ಇನ್ನೊಬ್ಬನನ್ನು ತರಬೇಕು, ಇಲ್ಲವೇ ಮುಂದೆ ಹೊಸ ಹುಡುಗರನ್ನು ಆರಿಸುವಾಗ ಮೊದಲ ಪಾಳಿ ಕೇಳಬೇಕು. ಹೆಣ್ಣು ಕೊಟ್ಟು ಹೆಣ್ಣು ತರುವ ಸಂಬಂಧದ ಹಾಗೆ ಅನ್ನಿ, ಇಲ್ಲಿ ಗಂಡು ಕೊಟ್ಟು ಗಂಡು. ಡ್ಯಾರೆನ್‌ಗೆ ಇದಿಲ್ಲದೆ ಅಕ್ಟೋಬರ್ ಅಕ್ಟೋಬರೇ ಅಲ್ಲ. ಹಾಗಾಗಿ ಟೆಕ್ಸಸ್‌ನ ಮೂರು ತಂಡಗಳೂ ವರ್ಷಕ್ಕೊಮ್ಮೆ ರೌಂಡ್ ರಾಕ್‌ನ ಪಾರ್ಕಿನಲ್ಲಿ ಸೇರಿ, ಮಾಂಸ ಸುಟ್ಟುಕೊಂಡು, ನಗುನಗುತ್ತಾ ಜನ ಅದಲುಬದಲು ಮಾಡಿಕೊಳ್ಳುತ್ತಿದ್ದರು. ತಮಾಷೆಯ ವ್ಯಾಪಾರವೇ, ಆದರೆ ಕೊಟ್ಟ ಮಾತು ಮಾತೇ. ಉಳಿಯುತ್ತೇನೆ ಅಂದವನಿಗೆ ತಂಡದ ಬಣ್ಣದ ಒಂದು ಜೊತೆ ಪಟ್ಟೆ ಕಾಲುಚೀಲ ಕೈಗಿಡುವುದು, ಅದೇ ಕರಾರು.

ಆ ವರ್ಷದ ಅಕ್ಟೋಬರಿನ ಒಂದು ಸಂಜೆ ಗುರುದತ್ತ ಹಿತ್ತಲಲ್ಲಿ ಗುಲಾಬಿಗೆ ನೀರು ಬಿಡುತ್ತಿದ್ದ. ಬೇಲಿಯ ಮೇಲಿಂದ ಡ್ಯಾರೆನ್ ತಲೆ ಹಾಕಿದ. ಕೈಯಲ್ಲಿ ಹೊಸ ಕಾಲುಚೀಲ, ನೇರಳೆ ಬಿಳಿ ಪಟ್ಟೆ, ಆಸ್ಟಿನ್ ತಂಡದ ಬಣ್ಣ.

"ಗುರು, ಮುಂದಿನ ವರ್ಷವೂ ನಮ್ಮ ಜೊತೆ ಇರುತ್ತೀಯಾ?" ಎಂದು ತನ್ನ ಇಂಗ್ಲಿಷಿನಲ್ಲಿ ಕೇಳಿದ.

ಗುರುದತ್ತನ ಎದೆ ಗೋಪುರದಷ್ಟು ಎತ್ತರ ಏರಿತು. ಕಾಲುಚೀಲ ಕಂಡು ಬಾಯಲ್ಲಿ ನೀರೂರಿತು ಎಂದರೂ ತಪ್ಪಿಲ್ಲ. ಆದರೆ ಅವನು ಬೆಳೆದದ್ದು ಮೈಸೂರಿನ ಚಾಮರಾಜಪುರದಲ್ಲಿ. ಅಲ್ಲಿ ಏನನ್ನಾದರೂ ಕೊಟ್ಟರೆ ಮೊದಲ ಸಲ "ಬೇಡ" ಅನ್ನಬೇಕು. ಎರಡನೇ ಸಲ "ಅಯ್ಯೋ, ಈಗ ತಾನೇ ಆಯ್ತು" ಅನ್ನಬೇಕು. ಮೂರನೇ ಸಲ, ಕೊಡುವವರು ಆಣೆ ಇಟ್ಟ ಮೇಲೆ, "ಒಂಚೂರು" ಎಂದು ಹೇಳಿ ಒಂದು ತಟ್ಟೆ ತುಂಬ ತಿನ್ನಬೇಕು. ಚಿಕ್ಕಂದಿನಲ್ಲಿ ಯಾರದೋ ಮನೆಯಲ್ಲಿ ಮೊದಲ ಸಲವೇ ಮೈಸೂರುಪಾಕಿಗೆ ಕೈ ಚಾಚಿದ್ದಕ್ಕೆ ಅವನಮ್ಮ ಸೆರಗಿನ ಮರೆಯಲ್ಲಿ ಚಿವುಟಿದ ಗುರುತು ಈಗಲೂ ತೊಡೆಯ ಮೇಲಿದೆಯಂತೆ.

"ಅಯ್ಯೋ, ನೋ ನೋ ಡ್ಯಾರೆನ್!" ಎಂದ ಗುರುದತ್ತ, ಕೈ ಕೂಡ ಆಡಿಸಿ. "ನಾನ್ಯಾಕೆ? ಯಾರಾದ್ರೂ ಹುಡುಗರಿಗೆ ಕೊಡು."

"ಹೌದಾ?" ಎಂದ ಡ್ಯಾರೆನ್. ಮುಖ ಸ್ವಲ್ಪ ಬಾಡಿತು. "ನೋ ವರೀಸ್, ಮೇಟ್." ಕಾಲುಚೀಲವನ್ನು ಜೇಬಿಗೆ ತುರುಕಿಕೊಂಡು ಒಳಗೆ ಹೋದ.

ಗುರುದತ್ತ ಎರಡನೇ ಸಲಕ್ಕೆ ಕಾದ. ಎಷ್ಟು ಕಾದನೆಂದರೆ ಗುಲಾಬಿಯ ಬುಡ ಕೆರೆಯಾಯಿತು. ಕೆಮ್ಮಿದ. ಗುಲಾಬಿಯ ಜೊತೆ ಜೋರಾಗಿ ಮಾತಾಡಿದ. ಬೇಲಿಯಾಚೆ ಬಾಗಿಲು ತೆರೆಯಲಿಲ್ಲ.

ಊಟದ ಹೊತ್ತಿಗೆ ವಿಷಯ ಹೊರಬಿತ್ತು.

"ಬೇಡ ಅಂದ್ರಾ?" ಗೀತಾ ಸೌಟು ಎತ್ತಿಹಿಡಿದೇ ಕೇಳಿದಳು. "ವರ್ಷವೆಲ್ಲಾ ಆ ಕೋಟಿಗೆ ಇಸ್ತ್ರಿ ಮಾಡಿ ಮಾಡಿ ನನ್ನ ಕೈ ಸವೆದಿದೆ. ಯಾಕ್ರೀ ಬೇಡ ಅಂದ್ರಿ?"

"ಮೊದಲ್ನೇ ಸಲಾನೇ ಹೂಂ ಅಂದ್ರೆ ಏನಂದ್ಕೋತಾನೆ ಅವನು? ಇದಕ್ಕೇ ಕಾಯ್ತಾ ಕೂತಿದ್ದ ಅನ್ಕೊಳಲ್ವಾ?"

"ಕಾಯ್ತಾನೇ ಕೂತಿದ್ರಲ್ಲ!"

"ಅಪ್ಪಾ, ನೋ ಮೀನ್ಸ್ ನೋ," ಎಂದಳು ನಿಖಿತಾ, ಫೋನಿನಿಂದ ತಲೆ ಎತ್ತದೆ.

"ನೀನು ಸುಮ್ನಿರು. ಇನ್ನೆರಡು ಸಲ ಕೇಳ್ತಾನೆ, ನೋಡ್ತಿರು."

ಸುಶೀಲಮ್ಮನಿಗೆ ನಗು ತಡೆಯಲಾಗದೆ ಮಜ್ಜಿಗೆ ನೆತ್ತಿಗೇರಿತು. "ಅಳಿಯಂದ್ರೇ, ಹೆಣ್ಣು ನೋಡೋಕೆ ಬಂದಾಗ್ಲೂ ಹಿಂಗೇ. ಹುಡುಗಿ ಒಪ್ಪಿಗೇನಾ ಅಂದ್ರೆ 'ಪರವಾಗಿಲ್ಲ, ಬೇಡ, ನಿಮಗ್ಯಾಕೆ ತೊಂದ್ರೆ' ಅಂದಿದ್ರಿ. ನಾನೇನೋ ಮೂರು ಸಲ ಕೇಳ್ದೆ. ಆ ಬಿಳಿಯ ಕೇಳ್ತಾನಾ?"

ಅವನು ಕೇಳಲಿಲ್ಲ. ಬದಲಿಗೆ ಟ್ರೇಡಿನ ಪದ್ಧತಿಯಂತೆ ಹ್ಯೂಸ್ಟನ್ ತಂಡಕ್ಕೂ ಡಾಲಸ್ ತಂಡಕ್ಕೂ ಸುದ್ದಿ ಮುಟ್ಟಿಸಿದ: ನಮ್ಮ ಬಾವುಟದ ಗುರು ಇರಲು ಒಲ್ಲೆ ಅಂದಿದ್ದಾನೆ, ಬೇಕಾದವರು ಕೇಳಿ.

ಅವೆರಡು ತಂಡಗಳೂ ಹಸಿದು ಕೂತಿದ್ದವು. ಡಾಲಸ್‌ನ ಬಾವುಟದವನು ಬೇರೆ ರಾಜ್ಯಕ್ಕೆ ಶಿಫ್ಟ್ ಆಗಿದ್ದ. ಹ್ಯೂಸ್ಟನ್‌ನವನು ಚೆಂಡಿಗಿಂತ ಫೋನನ್ನೇ ಹೆಚ್ಚು ನೋಡುತ್ತಿದ್ದ. ಅದೂ ಅಲ್ಲದೆ ಗುರುದತ್ತ ಹೋದಲ್ಲೆಲ್ಲ ಸುಶೀಲಮ್ಮ ಕಳಿಸಿದ ಕೋಡುಬಳೆಯ ದೊಡ್ಡ ಸ್ಟೀಲ್ ಡಬ್ಬಿಯೂ ಹೋಗುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಬಾವುಟವೋ ಡಬ್ಬಿಯೋ ದೇವರೇ ಬಲ್ಲ. ಸುಶೀಲಮ್ಮನೂ ಬಲ್ಲಳು, ಹೇಳುವುದಿಲ್ಲ.

ಮೊದಲು ಹ್ಯೂಸ್ಟನ್ ನಾಯಕನ ಫೋನ್ ಬಂತು. "ನಮ್ಮ ಕಡೆ ಬಂದುಬಿಡ್ತೀಯಾ, ಗುರು?"

ಇಲ್ಲಿ ಚಾಮರಾಜಪುರದ ಇನ್ನೊಂದು ಕಟ್ಟಳೆ ಅಡ್ಡ ಬಂತು. ಯಾರಾದರೂ ಕರೆದರೆ ಮುಖಕ್ಕೆ ಹೊಡೆದ ಹಾಗೆ "ಬರಲ್ಲ" ಅನ್ನುವಂತಿಲ್ಲ. "ಮನೆಗೆ ಬನ್ನಿ" ಅಂದರೆ "ಹೂಂ, ಖಂಡಿತ ಬರೋಣ" ಅನ್ನಬೇಕು, ಅದರರ್ಥ ಈ ಜನ್ಮದಲ್ಲಿ ಬರುವುದಿಲ್ಲ ಎಂದು.

"ಶೂರ್ ಶೂರ್, ಖಂಡಿತ ಬರೋಣ," ಎಂದ ಗುರುದತ್ತ.

ಅರ್ಧ ಗಂಟೆಯಲ್ಲಿ ಡಾಲಸ್ ನಾಯಕನ ಫೋನ್. "ಶೂರ್ ಶೂರ್, ವೈ ನಾಟ್," ಎಂದ ಗುರುದತ್ತ.

ಬೇಕಾದ ಕಡೆ ಬೇಡ ಅಂದು, ಬೇಡದ ಕಡೆ ಎರಡೆರಡು ಸಲ ಹೂಂ ಅಂದು, ಫೋನ್ ಇಟ್ಟು ಕಾಫಿ ಕುಡಿದ. ಮರ್ಯಾದಸ್ಥ ಮನುಷ್ಯನೊಬ್ಬ ಒಂದೇ ವಾರದಲ್ಲಿ ಇದಕ್ಕಿಂತ ಹೆಚ್ಚು ಹಾಳಾಗಲಾರ.

ಆದರೆ ಬಂಧುಬಳಗ ಎಂದೊಂದು ಇದೆಯಲ್ಲ. ಗುರುದತ್ತನ ಅಕ್ಕ ಪ್ರಿಯಂವದಾ ಹ್ಯೂಸ್ಟನ್‌ನಲ್ಲಿದ್ದಳು. ಅವಳ ಗಂಡ ಚನ್ನಕೇಶವ ರಿಟೈರಾದ ಡಾಕ್ಟರು, ಮಾತು ಕಮ್ಮಿ, ಸುದ್ದಿ ಹೆಚ್ಚು. ಹ್ಯೂಸ್ಟನ್ ತಂಡದವನೊಬ್ಬ ಮೊಣಕಾಲು ತೋರಿಸಲು ಬರುತ್ತಿದ್ದ, ಅವನಿಂದ ಸುದ್ದಿ ಅಂಗಳಕ್ಕೆ ಬಂತು. ಮರುಗಳಿಗೆ ಅಕ್ಕನ ಫೋನ್.

"ಗುರೂ! ನಮ್ಮೂರಿಗೆ ಆಡೋಕೆ ಬರ್ತೀಯಂತೆ, ಅಕ್ಕನಿಗೆ ಒಂದು ಮಾತು ಹೇಳ್ಬಾರ್ದಾ? ಪ್ರತಿ ಶನಿವಾರ ಬರೋನು, ಎಲ್ಲಿ ಮಲಗ್ತೀಯ? ಹಿಲ್‌ಕ್ರಾಫ್ಟ್ ಅಂಗಡಿ ಬೀದಿಗೆ ಹೋಗಿ ಹಾಸಿಗೆ ತಗೊಂಡ್ ಬಂದೆ. ನಿನ್ನ ಸೊಂಟಕ್ಕೆ ಮೆತ್ತಗಿರೋದು ಆಗಲ್ಲ ಅಂತ ಗಟ್ಟಿದೇ ತಂದಿದೀನಿ, ಹಲಗೆ ಇದ್ದಂಗಿದೆ!"

"ಅಕ್ಕಾ, ಅದು ಇನ್ನೂ..."

"ಬರ್ತಾ ಕರಿಬೇವಿನ ಗಿಡ ತಗೊಂಡ್ ಬಾ. ಇಲ್ಲಿದು ವಾಸನೇನೇ ಬರಲ್ಲ. ಭಾವನ ಜೊತೆ ಪ್ರತಿ ಶನಿವಾರ ಬೆಳಿಗ್ಗೆ ವಾಕಿಂಗ್. ಗೊತ್ತಾಯ್ತಾ?"

"ನೋಡೋಣ ಅಕ್ಕಾ," ಎಂದ ಗುರುದತ್ತ. ಪ್ರಿಯಂವದಾ ಆಗಲೇ ಫೋನ್ ಇಟ್ಟಾಗಿತ್ತು.

ಡಾಲಸ್ ಪಕ್ಕದ ರಿಚರ್ಡ್‌ಸನ್‌ನಿಂದ ಗಿರಿಧರನ ಫೋನ್ ಬಂದಿದ್ದು ಅದಾದ ಮೇಲೆ. ಗಿರಿಧರ ಎಂದರೆ ಗುರುದತ್ತ ಅಮೆರಿಕಕ್ಕೆ ಬಂದ ಹೊಸತರಲ್ಲಿ ಒಂದೇ ಅಪಾರ್ಟ್‌ಮೆಂಟಿನಲ್ಲಿ ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿಕೊಂಡಿದ್ದ ಗೆಳೆಯ. ಈಗ ಡಾಲಸ್ ಕನ್ನಡ ಸಂಘದ ನಾಟಕಗಳ ಡೈರೆಕ್ಟರು.

"ಲೋ ಗುರು! ಡಾಲಸ್‌ಗೆ ಟ್ರೇಡ್ ಆಗ್ತಿದೀಯಂತೆ! ನಮ್ಮ ರಾಜ್ಯೋತ್ಸವದ ನಾಟಕಕ್ಕೆ ರಾಜ ಬೇಕಾಗಿತ್ತು ಕಣೋ. ಡೈಲಾಗ್ ಇಲ್ಲ, ಸಿಂಹಾಸನದ ಮೇಲೆ ಕೂತಿರೋದು ಅಷ್ಟೇ. ನಿನ್ ಹೆಸರು ಹಾಕ್ಬಿಟ್ಟಿದೀನಿ. ತಲೆ ಅಳತೆ ಎಷ್ಟು?"

"ನೋಡೋಣ ಕಣೋ," ಎಂದು ಗುರುದತ್ತ ಫೋನ್ ಇಟ್ಟ. ಅವನಿಗೆ ಬೇಕಾಗಿದ್ದದ್ದು ಒಂದೇ, ಆಸ್ಟಿನ್‌ನ ಮೈದಾನದ ಆ ಕಂಬಗಳ ನಡುವಿನ ಜಾಗ. ಮುಂದಿನ ವರ್ಷದ ಶನಿವಾರಗಳಲ್ಲಿ ಅಲ್ಲಿ ಇನ್ಯಾರೋ ಬಿಳಿ ಕೋಟು ತೊಟ್ಟು ನಿಂತಿರುವುದನ್ನು ನೆನೆದರೆ ಎದೆಯೊಳಗೆ ಯಾರೋ ಒನಕೆ ಹಾಕಿದಂತಾಗುತ್ತಿತ್ತು. ಹೋಗಿ ಹೇಳಿದರೆ ಮುಗಿಯಿತಲ್ಲ ಅನ್ನುತ್ತೀರಿ. ಹೇಳಲು ಹೋದ. ಬರಿಗೈಯಲ್ಲಿ ಹೋಗಬಾರದೆಂದು ಕೋಡುಬಳೆಯ ಡಬ್ಬಿ ಹಿಡಿದೇ ಹೋದ.

ಡ್ಯಾರೆನ್ ಬಾಗಿಲು ತೆರೆದ. "ಬಾ ಗುರು, ಕೂತ್ಕೋ."

"ನೋ ನೋ, ಪರವಾಗಿಲ್ಲ."

"ನೋ ವರೀಸ್," ಎಂದು ಡ್ಯಾರೆನ್ ತಾನು ಕೂತ. ಗುರುದತ್ತ ನಿಂತೇ ಇದ್ದ.

"ಕುಡಿಯೋಕೆ ಏನಾದರೂ? ಜ್ಯೂಸ್? ಟೀ?"

"ಅಯ್ಯೋ ಏನೂ ಬೇಡ, ಈಗ ತಾನೇ ಆಯ್ತು."

"ನೋ ವರೀಸ್." ಡ್ಯಾರೆನ್ ತನಗೊಬ್ಬನಿಗೇ ಐಸ್ ಹಾಕಿದ ಟೀ ಸುರಿದುಕೊಂಡು ಅವನೆದುರಿಗೇ ಗಟಗಟ ಕುಡಿದ. ಹೊರಗೆ ಟೆಕ್ಸಸ್‌ನ ಬಿಸಿಲು. ಗುರುದತ್ತನ ಗಂಟಲು ಹಪ್ಪಳವಾಯಿತು.

"ಫ್ಯಾನ್ ಹಾಕಲಾ?"

"ನೋ ನೋ, ನನಗೋಸ್ಕರ ಯಾಕೆ?"

"ನೋ ವರೀಸ್."

ಹೀಗೆ ನಿಂತು, ಬೆವೆತು, ಬಾಯಾರಿ, ಕಡೆಗೊಮ್ಮೆ ಗುರುದತ್ತ ಧೈರ್ಯ ಮಾಡಿ, "ಆ ಟ್ರೇಡ್ ವಿಚಾರ..." ಎಂದ.

ಡ್ಯಾರೆನ್ ಎದ್ದು ಅವನ ಭುಜ ತಟ್ಟಿದ. "ಚಿಂತೆ ಬೇಡ ಗುರು, ಒಳ್ಳೇ ಬೆಲೆ ಬಂದಿದೆ ನಿನಗೆ! ಹ್ಯೂಸ್ಟನ್ ಬರೀ ಮುಂದಿನ ವರ್ಷ ಹೊಸ ಹುಡುಗರನ್ನು ಆರಿಸೋವಾಗ ಮೊದಲ ಪಾಳಿ ಬಿಟ್ಟುಕೊಡೋ ಮಾತು ಕೊಟ್ಟಿತು. ಡಾಲಸ್ ನಿನ್ನ ಬದಲಿಗೆ ಒಬ್ಬ ಎತ್ತರದ ಆಟಗಾರ ಕೊಡುತ್ತಿದೆ. ಜೊತೆಗೆ ಹೊಸಾ ಬಾರ್ಬೆಕ್ಯೂ ಒಲೆ. ನಿನ್ನನ್ನು ಕಳಿಸೋಕೆ ನನಗಿಷ್ಟ ಇಲ್ಲ. ಆದರೆ ನೀನೇ ಬೇಡ ಅಂದ ಮೇಲೆ ಹಿಡಿದಿಟ್ಟುಕೊಳ್ಳೋದು ಮರ್ಯಾದೆ ಅಲ್ಲ." ಹೀಗೆಂದು ಕೋಡುಬಳೆಯನ್ನು ಬಟ್ಟಲಿಗೆ ಸುರಿದುಕೊಂಡು ಡಬ್ಬಿಯನ್ನು ಹಿಂದೆ ಕೊಟ್ಟ.

ಗುರುದತ್ತ ಮನೆಗೆ ಬಂದು ಎರಡು ಚೊಂಬು ನೀರು ಕುಡಿದು ವರದಿ ಒಪ್ಪಿಸಿದ. ದುಃಖವಂತೂ ಇತ್ತು. ಆದರೆ ಎತ್ತರದ ಆಟಗಾರ, ಮೇಲೊಂದು ಒಲೆ ಎನ್ನುವಾಗ ದನಿಯಲ್ಲಿ ಒಂದೆಳೆ ಹೆಮ್ಮೆಯೂ ಇತ್ತು ಎಂದು ಕೇಳಿದವರು ಹೇಳುತ್ತಾರೆ.

"ಒಲೆ ಗ್ಯಾಸಿಂದಾ, ಇದ್ದಿಲಿಂದಾ?" ಎಂದು ಕೇಳಿದಳು ಸುಶೀಲಮ್ಮ.

"ಅಮ್ಮಾ!" ಎಂದಳು ಗೀತಾ.

"ಅಲ್ವೇ, ನನ್ನ ಅಳಿಯನ ಬೆಲೆ ಎಷ್ಟು ಅಂತ ಗೊತ್ತಾಗ್ಬೇಡ್ವಾ? ಇದ್ದಿಲಿಂದಾದ್ರೆ ಕೊಡಲ್ಲ." ಡಬ್ಬಿಯ ಮುಚ್ಚಳ ತೆಗೆದ ಸುಶೀಲಮ್ಮನ ಮುಖ ಕೆಂಪಾಯಿತು. "ಖಾಲಿ! ಖಾಲಿ ಡಬ್ಬಿ ಕಳ್ಸಿದಾನೆ! ಒಂದು ಹಿಡಿ ಸಕ್ಕರೇನಾದ್ರೂ ಹಾಕ್ಬಾರ್ದಾ? ಈ ಮನುಷ್ಯನಿಗೆ ಹೇಳ್ಕೊಡೋರು ಯಾರೂ ಇರ್ಲಿಲ್ಲ, ಪಾಪ. ನಾನೇ ಹೋಗ್ಬೇಕು."

ಮರುದಿನ ಸುಶೀಲಮ್ಮ ತನಗೆ ಬರುವ ಅಷ್ಟೂ ಇಂಗ್ಲಿಷ್ ಪದಗಳನ್ನು, ಜೊತೆಗೆ ಹೊಸ ಕೋಡುಬಳೆಗಳನ್ನು ಕಟ್ಟಿಕೊಂಡು ಡ್ಯಾರೆನ್ ಮನೆಗೆ ಹೊರಟಳು. ಗುರುದತ್ತ ಅಡುಗೆಮನೆಯ ಕಿಟಕಿಯಿಂದ ಇಣುಕಿದ. ಅತ್ತೆ ತಟ್ಟೆ ಚಾಚಿದಳು. ಡ್ಯಾರೆನ್ ಕೈ ನೀಡಿದ. ಅತ್ತೆ ಪಟ್ಟನೆ ಅವನ ಕೈಮೇಲೆ ಹೊಡೆದು ತಟ್ಟೆ ಹಿಂದಕ್ಕೆಳೆದುಕೊಂಡಳು.

"ಸೇ ನೋ!" ಎಂದು ಕಿಟಕಿಯವರೆಗೂ ಕೇಳಿಸಿತು.

ಪಾಠ ಬಹಳ ಹೊತ್ತು ನಡೆಯಿತು. ಕಡೆಗೆ ಡ್ಯಾರೆನ್ ಕಲಿತದ್ದಿಷ್ಟು: ಕನ್ನಡದ ಜನ ಮೊದಲ ಸಲ ನೋ ಅಂದರೆ ಇನ್ನೊಮ್ಮೆ ಕೇಳಬೇಕು. ಎರಡನೇ ನೋಗೆ ಮತ್ತೊಮ್ಮೆ ಕೇಳಬೇಕು. ಮೂರನೇ ನೋ ಅಂದರೆ ತಟ್ಟೆ ತುಂಬ ಬಡಿಸಬೇಕು. ಕೇಳಿದ ತಕ್ಷಣ "ಯೆಸ್, ಖಂಡಿತ" ಅಂದರೆ ಮಾತ್ರ ಆ ಆಸಾಮಿ ಬರುವವನಲ್ಲ, ಬಾಯಿಮಾತಿಗೆ ಅಂದದ್ದು. ಡ್ಯಾರೆನ್ ಹಣೆ ಹಣೆ ಬಡಿದುಕೊಂಡು ನಕ್ಕ. ಗುರುವನ್ನು ಟ್ರೇಡಿನ ದಿನವೇ, ಎಲ್ಲರೆದುರಿಗೆ, ಮರ್ಯಾದೆಯಾಗಿ ಮೂರು ಸಲ ಕೇಳುತ್ತೇನೆಂದು ಎದೆ ಮುಟ್ಟಿ ಹೇಳಿದ.

ಅತ್ತ ಸುಶೀಲಮ್ಮನ ಪಾಠ ನಡೆಯುತ್ತಿರುವಾಗಲೇ ಇತ್ತ ಗೀತಾ ಕಿಟಕಿಯಿಂದ ಗಂಡನನ್ನು ಎಳೆದು ತಂದು ಕೂರಿಸಿದ್ದಳು. ಅಮ್ಮ ಮಾಡಿದ್ದು ಮಗಳಿಗೆ ಗೊತ್ತಿಲ್ಲ, ಮಗಳು ಮಾಡಿದ್ದು ಅಮ್ಮನಿಗೆ ಗೊತ್ತಿಲ್ಲ. ಒಂದೇ ಮನೆಯಿಂದ ಎರಡು ಶಾಲೆ ನಡೆದವು.

"ಅನ್ನ ಬಡಿಸ್ಲಾ?"

"ಬೇ..."

"ಏನಂದ್ರಿ?"

"ಹೂಂ."

"ಜೋರಾಗಿ!"

"ಹೂಂ!"

"ತುಪ್ಪ?"

"ಅಯ್ಯೋ, ತುಪ್ಪ ಎಲ್ಲ ಯಾಕೆ..."

ಗೀತಾ ತಟ್ಟೆ ಎತ್ತಿಕೊಂಡು ಹೋದಳು. ಮೂರು ಊಟ ಹೀಗೆ ತಪ್ಪಿದ ಮೇಲೆ ಗುರುದತ್ತನ ನಾಲಿಗೆ ತಿರುಗಿತು. ಆಫೀಸಿನಲ್ಲಿ ಯಾರೋ "ಈ ಕೆಲಸ ಯಾರು ಮಾಡುತ್ತೀರಿ" ಅಂದಾಗ "ಯೆಸ್!" ಎಂದು ಕೂಗಿ ದೀಪಾವಳಿ ವಾರದ ಡ್ಯೂಟಿಯನ್ನೆಲ್ಲ ಹೊತ್ತುಕೊಂಡು ಬಂದ. ಗೀತಾ ಮೆಚ್ಚಿ ಹಪ್ಪಳ ಕರಿದಳು.

ಟ್ರೇಡಿನ ದಿನ ಬಂತು. ಪಾರ್ಕಿನ ಹೊಳೆಯ ದಂಡೆಯಲ್ಲಿ ಮೂರು ತಂಡಗಳು ನೆರೆದವು. ಡಾಲಸ್‌ನವರು ಹೊಸ ಒಲೆಯನ್ನು ಟ್ರಕ್ಕಿನ ಮೇಲೆ ಹಗ್ಗ ಹಾಕಿ ಬಿಗಿದು, ಎತ್ತರದ ಆಟಗಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಂದಿದ್ದರು. ಅವನೆಷ್ಟು ಎತ್ತರವೆಂದರೆ ಮರದ ಕೊಂಬೆಯಲ್ಲಿದ್ದ ಅಳಿಲು ಅವನನ್ನು ಕಣ್ಣಿಗೆ ಕಣ್ಣಿಟ್ಟು ನೋಡಿ ಓಡಿತು. ಹ್ಯೂಸ್ಟನ್‌ನಿಂದ ಪ್ರಿಯಂವದಾ, ಚನ್ನಕೇಶವ. ಅವರ ವ್ಯಾನಿನ ಕಿಟಕಿಯಿಂದ ಹಾಸಿಗೆ ಮೂತಿ ಹೊರಹಾಕಿತ್ತು.

"ಮಲಗಿ ನೋಡ್ಲಿ ಅಂತ ತಂದೆ ಗೀತಾ," ಎಂದಳು ಪ್ರಿಯಂವದಾ. "ಆಗ್ಲಿಲ್ಲ ಅಂದ್ರೆ ನಾಳೇನೇ ಬದ್ಲಾಯಿಸ್ಬೇಕು."

ರಿಚರ್ಡ್‌ಸನ್‌ನಿಂದ ಗಿರಿಧರ ಬಂದಿದ್ದ, ಕೈಯಲ್ಲಿ ಥಳಥಳ ಕಿರೀಟ. ಬಂದವನೇ ಗುರುದತ್ತನ ತಲೆಗಿಟ್ಟ. ಕಿರೀಟ ಕಿವಿಯವರೆಗೆ ಇಳಿಯಿತು. "ಇರ್ಲಿ ಮಗಾ, ಒಳಗಡೆ ಪೇಪರ್ ತುರುಕೋಣ."

ಗುರುದತ್ತ ತನ್ನ ಬಿಳಿ ಕೋಟನ್ನೂ ಟೋಪಿಯನ್ನೂ ಎರಡು ಬಾವುಟಗಳನ್ನೂ ತಂದಿದ್ದ. ಹೋಗುವವನು ಅವನ್ನು ತಂಡಕ್ಕೆ ಒಪ್ಪಿಸಿ ಹೋಗಬೇಕೆಂದು ಯಾರೋ ಹೇಳಿದ್ದರು. ಅವನ್ನು ಬೆಂಚಿನ ಮೇಲಿಟ್ಟು, ಮಗುವನ್ನು ಹಾಸ್ಟೆಲಿನಲ್ಲಿ ಬಿಡುವವನ ಹಾಗೆ ಸವರುತ್ತಾ ಕೂತಿದ್ದ. ಗೀತಾ ಕಿವಿಯಲ್ಲಿ ಉಸುರಿದಳು: "ಕೇಳಿದ ತಕ್ಷಣ. ಮೊದಲ್ನೇ ಸಲಾನೇ. ತುಪ್ಪ ಜ್ಞಾಪಿಸ್ಕೊಳಿ."

ಡ್ಯಾರೆನ್ ಎದ್ದು ನಿಂತ. ಸುಶೀಲಮ್ಮನ ಕಡೆ ಗುಟ್ಟಾಗಿ ಕಣ್ಣು ಹೊಡೆದ. ಸುಶೀಲಮ್ಮನೂ ಹೊಡೆದಳು. ನೇರಳೆ ಬಿಳಿ ಕಾಲುಚೀಲವನ್ನು ಎರಡು ಕೈಯಲ್ಲಿ, ತಾಂಬೂಲ ಹಿಡಿದ ಹಾಗೆ ಹಿಡಿದು ಅವನು ಕೇಳಿದ:

"ಗುರು, ನಮ್ಮ ಜೊತೆಯಲ್ಲೇ ಇರುತ್ತೀಯಾ?"

"ಯೆಸ್!" ಗುರುದತ್ತ ಬೆಂಚಿನಿಂದ ಚಿಮ್ಮಿದ. "ಯೆಸ್! ಯೆಸ್! ಖಂಡಿತ!"

ಡ್ಯಾರೆನ್ ಮುಖದ ಬಣ್ಣ ಇಳಿಯಿತು. ಒಂದಲ್ಲ, ಮೂರು ಯೆಸ್. ಮೇಲೊಂದು ಖಂಡಿತ. ಇಷ್ಟು ಖಡಾಖಂಡಿತವಾಗಿ ಯಾರೂ ಯಾರನ್ನೂ ನಿರಾಕರಿಸಿರಲಿಕ್ಕಿಲ್ಲ.

"ಅರ್ಥವಾಯಿತು, ಗುರು," ಎಂದು ಕಣ್ಣೊರೆಸಿಕೊಂಡ. "ಬಾಯಿಮಾತಿಗಾದರೂ ಅಂದೆಯಲ್ಲ, ಥ್ಯಾಂಕ್ಸ್." ಕಾಲುಚೀಲ ಮತ್ತೆ ಜೇಬಿಗೆ ಹೋಯಿತು. ಡಾಲಸ್‌ನವರು ಟ್ರಕ್ಕಿನ ಹಗ್ಗ ಬಿಚ್ಚತೊಡಗಿದರು.

ಗುರುದತ್ತ ಗೀತಾಳನ್ನು ನೋಡಿದ. ಗೀತಾ ಅವನನ್ನು ನೋಡಿದಳು. ಅಷ್ಟರಲ್ಲಿ ಡಾಲಸ್‌ನ ಕೆಂಪು ಗಡ್ಡದ ನಾಯಕ ತಮ್ಮ ಕೆಂಪು ಪಟ್ಟೆಯ ಕಾಲುಚೀಲ ಹಿಡಿದು ಬಂದ. "ಹಾಗಾದರೆ ನಮ್ಮ ಕಡೆ ಬರುತ್ತೀಯಾ?"

"ನೋ!" ಎಂದ ಗುರುದತ್ತ. ಹುಟ್ಟಿದ ಮೇಲೆ ಅವನು ಮನಸಾರೆ ಅಂದ ಮೊದಲ ನೋ ಅದು.

ಕೆಂಪು ಗಡ್ಡದವನು ಪೆಚ್ಚಾದ. ಡ್ಯಾರೆನ್ ಓಡಿಬಂದು ಅವನ ತೋಳು ಹಿಡಿದ. "ತಾಳು ತಾಳು, ನಿನಗೆ ಗೊತ್ತಿಲ್ಲ, ಅವರ ಪದ್ಧತಿ ನಾನು ಕಲಿತಿದ್ದೇನೆ. ಇದು ಮೊದಲನೆಯದು." ಒಂದು ಬೆರಳೆತ್ತಿದ. "ಮತ್ತೆ ಕೇಳು."

"ಬರುತ್ತೀಯಾ, ಗುರು?"

"ನೋ! ನೋ ಅಂದ್ರೆ ನೋ! ನಮ್ಮಮ್ಮನಾಣೆ ನೋ!"

"ಆಣೆ ಕೂಡ ಬಂತು!" ಡ್ಯಾರೆನ್ ಎರಡು ಬೆರಳೆತ್ತಿದ. ಮೈದಾನದಲ್ಲಾದರೆ ಅದು ಗೋಲು. "ಇನ್ನೊಂದೇ ಒಂದು."

ಆಗ ಸುಶೀಲಮ್ಮನಿಗೆ ಎಲ್ಲವೂ ಹೊಳೆಯಿತು. ಆದರೆ ಬಾಯಲ್ಲಿ ಕೋಡುಬಳೆ ಇತ್ತು, ಆಗ ತಾನೇ ಇಟ್ಟುಕೊಂಡದ್ದು. ಅದೇನು ಬೇಗ ಕರಗುವ ಜಾತಿಯದಲ್ಲ. "ಉಂ! ಉಂ!" ಎಂದು ಕೈಯಾಡಿಸಿದಳು. ಅವಳು ಹರಸುತ್ತಿದ್ದಾಳೆಂದುಕೊಂಡು ಡಾಲಸ್ ತಂಡದವರೆಲ್ಲ ಅವಳಿಗೆ ಕೈಮುಗಿದರು.

ಕೆಂಪು ಗಡ್ಡದವನು ಕಾಲುಚೀಲವನ್ನು ಗುರುದತ್ತನ ಮೂಗಿನವರೆಗೆ ತಂದು ಮೂರನೇ ಸಲ ಕೇಳಿದ. "ಬರುತ್ತೀಯಾ?"

ನೋ ಅಂದರೆ ಡ್ಯಾರೆನ್ ಲೆಕ್ಕದಲ್ಲಿ ಹೂಂ. ಯೆಸ್ ಅಂದರೆ ಡಾಲಸ್ ಲೆಕ್ಕದಲ್ಲಿ ಹೂಂ. ಆಸ್ಟಿನ್‌ಗೆ ಯೆಸ್ ಅಂದದ್ದು ಉಹೂಂ ಆಗಿ ಆಗಲೇ ಜೇಬು ಸೇರಿದೆ. ಎಪ್ಪತ್ತು ಎಂಬತ್ತು ಜನ ಉಸಿರು ಹಿಡಿದು ಅವನ ಮುಖವನ್ನೇ ನೋಡುತ್ತಿದ್ದರು.

ನೋಡುತ್ತಿದ್ದರು ಅನ್ನುವುದೇ ಗುರುದತ್ತನಿಗೆ ದಾರಿ ತೋರಿಸಿತು. ಈ ನೋಟ ಅವನಿಗೆ ಗೊತ್ತು. ಶನಿವಾರದ ನೋಟ.

ಅವನು ಬಾಯಿ ಮುಚ್ಚಿಕೊಂಡ. ಕಿರೀಟ ತೆಗೆದು ಗಿರಿಧರನ ಕೈಗಿಟ್ಟ. ಕೋಟು ತೊಟ್ಟು ಗುಂಡಿ ಹಾಕಿದ, ಕುತ್ತಿಗೆಯವರೆಗೂ. ಟೋಪಿ ಇಟ್ಟುಕೊಂಡ. ಬೆಂಚಿನ ಮೇಲಿಂದ ಎರಡು ಬಾವುಟಗಳನ್ನು ಎತ್ತಿಕೊಂಡು ಮೂವರು ನಾಯಕರ ಎದುರಿಗೆ ಕಂಬದಂತೆ ನೆಟ್ಟಗೆ ನಿಂತ. ಬಾವುಟದ ಭಾಷೆಯಲ್ಲಿ ಉಪಚಾರವಿಲ್ಲ. ಎರಡೆಂದರೆ ಎರಡು, ಒಂದೆಂದರೆ ಒಂದು, ಅಡ್ಡವೆಂದರೆ ಇಲ್ಲ. ಚಾಮರಾಜಪುರದವರಿಗೂ ಅಷ್ಟೇ, ಮೆಲ್ಬರ್ನಿನವರಿಗೂ ಅಷ್ಟೇ.

ಎಂದಿನಂತೆ ಸ್ವಲ್ಪ ಕಾಯಿಸಿದ. ಆಮೇಲೆ ಬೀಸಿದ. ಒಬ್ಬ ನಾಯಕನ ಮುಂದೆ ಎರಡೂ ಬಾವುಟ ತಲೆಯ ಮೇಲೆ ಕತ್ತರಿಯಾದವು. ಇನ್ನೊಬ್ಬನ ಮುಂದೆ ಒಂದೇ ಬಾವುಟ ಬೀಸಿತು, ಆಗಾಗ ಬಂದು ಗಟ್ಟಿ ಹಾಸಿಗೆಯಲ್ಲಿ ಮಲಗಿ ಹೋಗುತ್ತೇನೆ ಅನ್ನುವ ಹಾಗೆ. ಮತ್ತೊಬ್ಬನ ಮುಂದೆ ಎರಡೂ ಬಾವುಟ ಬೀಸಿದವು ನೋಡಿ, ಎಷ್ಟು ಜೋರಾಗಿ ಎಂದರೆ ಹೊಳೆಯ ನೀರು ದಡಕ್ಕೆ ಬಂದಿತು, ಸುಶೀಲಮ್ಮನ ಬಾಯಲ್ಲಿದ್ದ ಕೋಡುಬಳೆ ತಾನಾಗಿ ಪುಡಿಯಾಯಿತು.

ಯಾರಿಗೆ ಅಡ್ಡ, ಯಾರಿಗೆ ಒಂದು, ಯಾರಿಗೆ ಎರಡು? ನೀವೇ ಹೇಳಿ. ಬೇಕಾದರೆ ಒಂದು ಸುಳಿವು: ಬೇಲಿಯಾಚೆಯ ಹಿತ್ತಲಲ್ಲಿ ಇವತ್ತಿಗೂ ಹಳೆಯ ಒಲೆಯೇ ಹೊಗೆಯಾಡುತ್ತಿದೆ. ಹೂಂ, ಹೇಳಿ. ನಮಗೇನು ಗೊತ್ತು, ಬೇಡ ಬೇಡ ಎಂದು ಉಪಚಾರ ಮಾಡುತ್ತಾ ಕೂರಬೇಡಿ. ಇಲ್ಲಿ ಕೇಳುವುದು ಒಂದೇ ಸಲ.